ಬಾಲ್ಕನಿಯ ಕಂಬಿ ಎಲ್ಲಿಯವರೆಗೆ ಹೋಗಬೇಕು?

ಪ್ರಶ್ನೆ: ಮೊದಲ ಮಹಡಿಗೆ 4 ಅಡಿ ಹೊರಚಾಚಿದ ಬಾಲ್ಕನಿ ಕಟ್ಟಿಸುತ್ತಿದ್ದೇನೆ. ಈ ವಾರವೇ ಕಾಂಕ್ರೀಟ್. ಮೇಲಿನ 10 ಮಿ.ಮೀ. ಕಂಬಿಗಳನ್ನು 9 ಅಂಗುಲದ ಬೀಮಿನೊಳಗೆ ನೇರವಾಗಿ ತಂದು ನಿಲ್ಲಿಸಿದ್ದಾರೆ. ‘ಕಾಂಕ್ರೀಟ್ ಹಿಡಿದುಕೊಳ್ಳುತ್ತದೆ, ಒಳಗಿನ ಸ್ಲ್ಯಾಬಿನವರೆಗೆ ಒಯ್ದರೆ ಕಬ್ಬಿಣ ದಂಡ’ ಎನ್ನುತ್ತಾರೆ ಮೇಸ್ತ್ರಿ. ಸರಿಯೇ?
— ಓದುಗರೊಬ್ಬರು, ಹಾಸನ

ಉತ್ತರ: ಸರಿಯಲ್ಲ. ಕಂಬಿ ಸರಿಪಡಿಸುವವರೆಗೆ ಕಾಂಕ್ರೀಟ್ ಹಾಕಿಸಲೇಬೇಡಿ.

ಕಾಂಕ್ರೀಟ್ ಕಂಬಿಯನ್ನು ಹಿಡಿಯುತ್ತದೆ ನಿಜ, ಆದರೆ ಉದ್ದಕ್ಕೆ ತಕ್ಕಷ್ಟೇ. ಕಂಬಿಯ ಮೈಮೇಲಿನ ಏಣುಗಳನ್ನು ಬೆರಳಿನಿಂದ ಸವರಿ ನೋಡಿ. ಎಳೆತ ಬಿದ್ದಾಗ ಸಿಮೆಂಟಿನ ಅಂಟು ಮೊದಲೇ ಬಿಟ್ಟುಹೋಗುತ್ತದೆ. ಆಮೇಲೆ ಕಂಬಿಯನ್ನು ತಡೆಯುವುದು ಘರ್ಷಣೆ ಮತ್ತು ಈ ಏಣುಗಳು. ಪ್ರತಿ ಏಣೂ ತನ್ನ ಮುಂದಿನ ಕಾಂಕ್ರೀಟನ್ನು ಓರೆಯಾಗಿ ಒತ್ತುತ್ತದೆ. ಆ ಒತ್ತಡದ ಒಂದು ಪಾಲು ಸುತ್ತಲಿನ ಕಾಂಕ್ರೀಟನ್ನು ಸೀಳಲು ನೋಡುತ್ತದೆ. ಕವರ್, ಅಂದರೆ ಕಂಬಿಯ ಹೊರಗಿನ ಕಾಂಕ್ರೀಟ್ ಪದರ, ತೀರಾ ತೆಳುವಾದರೆ ಕಂಬಿಯ ಉದ್ದಕ್ಕೂ ಬಿರುಕು ಬಿಡುವುದು ಇದರಿಂದಲೇ. ಏಣಿಲ್ಲದ ನುಣುಪು ಕಂಬಿಗೆ ಹಿಡಿತ ಇನ್ನೂ ಕಡಿಮೆ, ಹಾಗಾಗಿಯೇ ಹಳೆಯ ಕಟ್ಟಡಗಳಲ್ಲಿ ಅದರ ತುದಿಯನ್ನು ಕೊಕ್ಕೆಯಾಗಿ ಬಗ್ಗಿಸುತ್ತಿದ್ದರು.

ಈಗ ಲೆಕ್ಕ. 500 ದರ್ಜೆಯ 10 ಮಿ.ಮೀ. ಕಂಬಿ ವಿನ್ಯಾಸದ ಪ್ರಕಾರ ಸುಮಾರು ಮೂರೂವರೆ ಟನ್ ಎಳೆತ ತಾಳಬಲ್ಲದು. ಅಷ್ಟನ್ನೂ ಎಂ20 ದರ್ಜೆಯ ಕಾಂಕ್ರೀಟಿಗೆ ದಾಟಿಸಲು, ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಲೆಕ್ಕದಲ್ಲಿ ಕಂಬಿಯ ವ್ಯಾಸದ 57 ಪಟ್ಟು ಉದ್ದ ಬೇಕು, ಅಂದರೆ 570 ಮಿ.ಮೀ., ಹೆಚ್ಚುಕಡಿಮೆ ಎರಡು ಅಡಿ. ಎಂಜಿನಿಯರುಗಳು ಡೆವಲಪ್‌ಮೆಂಟ್ ಲೆಂತ್ ಎನ್ನುವುದು ಇದನ್ನೇ. ನಿಮ್ಮ ಬೀಮಿನಲ್ಲಿ ಕವರ್ ಕಳೆದರೆ ಸಿಗುವುದು 200 ಮಿ.ಮೀ. ದುಡ್ಡು ಕೊಟ್ಟು ತಂದ ಕಂಬಿಯ ಬಲದಲ್ಲಿ ಮೂರನೇ ಒಂದು ಪಾಲಷ್ಟೇ ಕೆಲಸಕ್ಕೆ ಬಂದಂತಾಯಿತು. ದಂಡವಾಗುವ ಕಬ್ಬಿಣ ಇದು!

ತುದಿಯನ್ನು ಬೀಮಿನೊಳಗೆ ಕೆಳಕ್ಕೆ ಬಗ್ಗಿಸಿದರೆ ಸಾಲದೇ ಎಂದು ಮೇಸ್ತ್ರಿ ಕೇಳಬಹುದು. 90 ಡಿಗ್ರಿ ಬಾಗಿಗೆ ಸಿಗುವ ಲೆಕ್ಕ ವ್ಯಾಸದ 8 ಪಟ್ಟು, ಅಂದರೆ 80 ಮಿ.ಮೀ. ಮಾತ್ರ. ಬಾಗಿನ ಕೆಳಗೆ ಉದ್ದ ಕಾಲು ಬಿಟ್ಟು ಲೆಕ್ಕ ಸರಿದೂಗಿಸಿದರೂ ನಾನು ಒಪ್ಪುವುದಿಲ್ಲ. ಬಾಲ್ಕನಿಯ ಭಾರ ಬೀಮನ್ನು ತಿರುಚಲು ನೋಡುತ್ತದೆ. ಅದನ್ನು ತಡೆಯಬೇಕಾದದ್ದು ಒಳಗಿನ ಸ್ಲ್ಯಾಬ್. ಎರಡನ್ನೂ ಬೆಸೆಯುವ ಮೇಲಿನ ಕಂಬಿ ಬೀಮಿನಲ್ಲೇ ಮುಗಿದರೆ ಸ್ಲ್ಯಾಬ್ ಹೇಗೆ ತಡೆದೀತು? ಆದ್ದರಿಂದ ಕಂಬಿ ಬೀಮನ್ನು ದಾಟಿ ಒಳಗಿನ ಸ್ಲ್ಯಾಬಿನ ಮೇಲ್ಭಾಗದಲ್ಲೇ ಮುಂದುವರಿಯಬೇಕು. ಹೊರಚಾಚಿನ ಒಂದೂವರೆ ಪಟ್ಟು ಎಂಬುದು ರೂಢಿ, ನಿಮಗೆ 6 ಅಡಿ. ನಕ್ಷೆಯಲ್ಲಿ ನಿಮ್ಮ ಎಂಜಿನಿಯರ್ ಇದಕ್ಕಿಂತ ಹೆಚ್ಚು ತೋರಿಸಿದ್ದರೆ ಅದೇ ಅಂತಿಮ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಎದುರಿಗೆ ನಿಂತು ನೋಡಿಕೊಳ್ಳಿ. ಕಾಂಕ್ರೀಟ್ ಹಾಕುವಾಗ ಆಳುಗಳು ಕಂಬಿಯ ಮೇಲೆಯೇ ಓಡಾಡುತ್ತಾರೆ. 5 ಅಂಗುಲದ ಸ್ಲ್ಯಾಬಿನಲ್ಲಿ ಮೇಲಿನ ಕಂಬಿ 2 ಅಂಗುಲ ಕುಸಿದರೆ ಬಾಲ್ಕನಿಯ ತಾಕತ್ತು ಅರ್ಧಕ್ಕರ್ಧ ಹೋಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ, ಕಂಬಿಯಿಂದಲೇ ಮಾಡಿದ ಚೇರ್‌ಗಳನ್ನು ಒತ್ತೊತ್ತಾಗಿ ಇಡಿಸಿ, ನಡೆಯಲು ಹಲಗೆ ಹಾಕಿಸಿ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಬಳಸಿಸಿ. ಕಂಬಿಯಡಿ ಟೊಳ್ಳು ಉಳಿದ ಕಡೆ ಹಿಡಿತವೇ ಇರುವುದಿಲ್ಲ.

ಪ್ರಶ್ನೆ: ಮಳೆಗೆ ನೆಂದು ಕಂಬಿ ಕೆಂಪಾಗಿದೆ. ಕಾಂಕ್ರೀಟ್ ಹಿಡಿಯುವುದಿಲ್ಲವೇ?
— ಓದುಗರೊಬ್ಬರು, ಸಾಗರ

ಉತ್ತರ: ತೆಳು ತುಕ್ಕಿಗೆ ಹೆದರಬೇಡಿ, ಹಿಡಿತಕ್ಕೆ ಅದರಿಂದ ತೊಂದರೆಯಿಲ್ಲ. ಹಕ್ಕಳೆಯಾಗಿ ಏಳುವ ತುಕ್ಕಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ತೆಗೆಸಿ. ಉಜ್ಜಿದ ಮೇಲೆ ಏಣುಗಳು ಸವೆದು, ಕಂಬಿ ತೆಳುವಾಗಿ ಕಂಡರೆ ಅದನ್ನು ಬಳಸಬೇಡಿ. ಮಣ್ಣು ಮತ್ತು ಸೆಂಟ್ರಿಂಗ್ ಹಲಗೆಗೆ ಬಳಿಯುವ ಎಣ್ಣೆ ತುಕ್ಕಿಗಿಂತ ಕೆಟ್ಟವು. ಹಲಗೆಗೆ ಎಣ್ಣೆ ಬಳಿದು ಮುಗಿದ ಮೇಲಷ್ಟೇ ಕಂಬಿ ಕಟ್ಟಿಸಿ.