‘ಶುಗರ್ ಬಾರ್ಡರ್‌ನಲ್ಲಿದೆ’ ಅಂದರೆ ಸುಮ್ಮನಿರಬಹುದಾ?

ಓದುಗರ ಪ್ರಶ್ನೆ, ಉಡುಪಿಯ ವೈದ್ಯೆಯ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 42 ವರ್ಷ. ಮನೆಯಲ್ಲೇ ಕೂತು ಬೀಡಿ ಕಟ್ಟುತ್ತೇನೆ. ಹೋದ ತಿಂಗಳು ತುಂಬಾ ಸುಸ್ತು ಅಂತ ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 108, ಮೂರು ತಿಂಗಳ ಶುಗರ್ 6.1 ಬಂತು. ‘ಬಾರ್ಡರ್‌ನಲ್ಲಿದೆ, ಇನ್ಸುಲಿನ್ ರೆಸಿಸ್ಟೆನ್ಸ್ ಇರಬಹುದು, ಈಗಲೇ ಮಾತ್ರೆ ಬೇಡ’ ಅಂದರು. ನಾನು ದಪ್ಪ ಇಲ್ಲ, 5 ಅಡಿ ಎತ್ತರ, 50 ಕೆಜಿ. ಸಿಹಿತಿಂಡಿಯೂ ಅಷ್ಟು ತಿನ್ನುವುದಿಲ್ಲ. ಅಮ್ಮನಿಗೆ ಶುಗರ್ ಇತ್ತು. ಎರಡು ವರ್ಷದಿಂದ ಕುತ್ತಿಗೆಯ ಹಿಂಭಾಗ ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ? ಅನ್ನ ಬಿಡಬೇಕಾ? ಅನ್ನ ಬಿಟ್ಟರೆ ನಾವು ತಿನ್ನುವುದಾದರೂ ಏನು?
– ಓದುಗರು, ಹಿರಿಯಡ್ಕ

ಉತ್ತರ: ಮೊದಲು ಕುತ್ತಿಗೆಯ ವಿಷಯ. ಇನ್ನು ಅದನ್ನು ತಿಕ್ಕಬೇಡಿ ಅಮ್ಮ, ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ದಾಗ ಕುತ್ತಿಗೆ, ಕಂಕುಳಲ್ಲಿ ಚರ್ಮ ಹೀಗೆ ಕಪ್ಪಾಗಿ, ದಪ್ಪವಾಗಿ, ಮಖಮಲ್ಲಿನ ಹಾಗೆ ಆಗುತ್ತದೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಇದಕ್ಕೆ ನಾಚಿಕೊಂಡು ಸೆರಗು ಮುಚ್ಚಿಕೊಂಡು ಬರುತ್ತಾರೆ. ಚರ್ಮ ನಿಮಗೆ ಎರಡು ವರ್ಷದ ಹಿಂದೆಯೇ ಸುಳಿವು ಕೊಟ್ಟಿದೆ.

ಇನ್ನು ಈ ಇನ್ಸುಲಿನ್ ರೆಸಿಸ್ಟೆನ್ಸ್ ಅಂದರೇನು ಅಂತ. ಮಲ್ಪೆ ಬಂದರನ್ನು ನೆನಪು ಮಾಡಿಕೊಳ್ಳಿ. ಬೋಟಿನಿಂದ ಮೀನು ಇಳಿಯುತ್ತದೆ, ಕೆಲಸದವರು ಬುಟ್ಟಿ ಹೊತ್ತು ಲಾರಿಗೆ ತುಂಬುತ್ತಾರೆ, ದಕ್ಕೆ, ಅಂದರೆ ಮೀನು ಇಳಿಸುವ ಕಟ್ಟೆ, ಖಾಲಿಯಾಗುತ್ತದೆ. ಊಟದಿಂದ ಬರುವ ಸಕ್ಕರೆಯೇ ಆ ಮೀನು, ಬುಟ್ಟಿ ಹೊರುವವರು ಇನ್ಸುಲಿನ್, ಲಾರಿ ಅಂದರೆ ನಿಮ್ಮ ಸ್ನಾಯು ಮತ್ತು ಲಿವರ್. ಲಾರಿಯಲ್ಲಿ ಮೊದಲೇ ಸಾಮಾನು ತುಂಬಿದ್ದರೆ ಏನಾಗುತ್ತದೆ? ಹತ್ತು ಜನ ಮಾಡುವ ಕೆಲಸಕ್ಕೆ ಇಪ್ಪತ್ತು ಜನ ಬೇಕಾಗುತ್ತದೆ. ಆದರೂ ದಕ್ಕೆ ಖಾಲಿಯೇ ಕಾಣುತ್ತದೆ, ಯಾಕೆಂದರೆ ಜಾಸ್ತಿ ಜನ ಹಾಕಿ ಹೇಗೋ ತುಂಬಿಸುತ್ತಿದ್ದಾರೆ. ಪರೀಕ್ಷೆಯಲ್ಲಿ ವರ್ಷಗಟ್ಟಲೆ ಶುಗರ್ ನಾರ್ಮಲ್ ಬರುವುದು ಹೀಗೆ. ಒಳಗೆ ಇನ್ಸುಲಿನ್ ತಯಾರಿಸುವ ಮೇದೋಜ್ಜೀರಕ ಗ್ರಂಥಿ ಎರಡು ಪಟ್ಟು ದುಡಿಯುತ್ತಾ ಇರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅದು ದುಡಿದು ಸೋತ ಮೇಲೆ ಮೀನು ದಕ್ಕೆಯಲ್ಲೇ ಉಳಿಯಲು ಶುರುವಾಗುತ್ತದೆ. ನಿಮ್ಮ 108 ಮತ್ತು 6.1 ಆ ಹೊತ್ತಿನ ಸಂಖ್ಯೆಗಳು.

ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ, ಮೂರು ತಿಂಗಳ ಶುಗರ್ ಅಂದರೆ ಎಚ್‌ಬಿಎ1ಸಿ 5.7ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್. 126 ಅಥವಾ 6.5 ಮುಟ್ಟಿದರೆ ಮಧುಮೇಹ. ನಡುವೆ ಇರುವುದೇ ನಾವು ಹೇಳುವ ಬಾರ್ಡರ್. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10.1 ಕೋಟಿ, ಬಾರ್ಡರ್‌ನಲ್ಲಿ ಇರುವವರು 13.6 ಕೋಟಿ. ಬಾರ್ಡರ್ ಎಂಬ ಮಾತು ನನಗೆ ಸ್ವಲ್ಪವೂ ಇಷ್ಟವಿಲ್ಲ. ನನ್ನ ಅಮ್ಮನಿಗೂ ಒಬ್ಬ ಡಾಕ್ಟರು ಹೀಗೇ ಹೇಳಿ ಕಳಿಸಿದ್ದರು, ‘ಬಾರ್ಡರ್, ಏನೂ ಇಲ್ಲ’ ಅಂತ. ನಾನು ಆಗ ಇನ್ನೂ ಓದುತ್ತಿದ್ದೆ. ಆರು ವರ್ಷ ಯಾರೂ ಮತ್ತೆ ಪರೀಕ್ಷೆ ಮಾಡಿಸಲಿಲ್ಲ, ಗೊತ್ತಾಗುವ ಹೊತ್ತಿಗೆ ಕಣ್ಣಿನ ನರಕ್ಕೆ ತೊಂದರೆ ಆಗಿತ್ತು. ಆ ಆರು ವರ್ಷ ನನ್ನನ್ನು ಇವತ್ತಿಗೂ ಕಾಡುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದಪ್ಪ ಇಲ್ಲ ಅಂತ ಬರೆದಿದ್ದೀರಿ. ತೆಳ್ಳಗಿದ್ದವರಿಗೆ ಹೇಗೆ ಬರುತ್ತದೆ? ಪುಣೆಯ ಡಾ. ಸಿ. ಎಸ್. ಯಾಜ್ಞಿಕ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಒಂದು ಫೋಟೋ ಹಾಕಿದ್ದರು, ಪಕ್ಕದಲ್ಲಿ ಬ್ರಿಟನ್ನಿನ ಅವರ ಸಹೋದ್ಯೋಗಿ. ಎತ್ತರಕ್ಕೆ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಬ್ರಿಟನ್ನಿನವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದರೂ ಸ್ನಾಯು ಕಡಿಮೆ, ಹೊಟ್ಟೆಯೊಳಗೆ ಕೊಬ್ಬು ಜಾಸ್ತಿ. ಹಾಗಾಗಿ ನೀವು ತೂಕ ನೋಡಬೇಡಿ, ಟೇಪ್ ಹಿಡಿದು ಹೊಕ್ಕುಳ ಹತ್ತಿರ ಸೊಂಟ ಅಳೆಯಿರಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ತೂಕ ಇಳಿಸಬೇಕು ಅಂತ ಉಪವಾಸ ಬೀಳುವುದು ನಿಮಗೆ ಬೇಡವೇ ಬೇಡ. ಇರುವ ಸ್ನಾಯುವೂ ಕರಗುತ್ತದೆ.

ಅನ್ನ ಬಿಡಬೇಕಾಗಿಲ್ಲ. ಗೋಧಿ ಚಪಾತಿಗೆ ಓಡಬೇಕಾಗಿಯೂ ಇಲ್ಲ, ನಾಲ್ಕು ಚಪಾತಿ ತಿಂದರೆ ಲೆಕ್ಕ ಅಲ್ಲಿಗೇ ಬರುತ್ತದೆ. ಬೆಳ್ತಿಗೆಗಿಂತ ತೌಡು ಉಳಿದಿರುವ ಕೆಂಪು ಕುಚ್ಚಲಕ್ಕಿ ಒಳ್ಳೆಯದು, ಆದರೆ ‘ಕುಚ್ಚಲಕ್ಕಿ ಅಲ್ವಾ’ ಅಂತ ಬಟ್ಟಲು ತುಂಬ ಬಡಿಸಿಕೊಂಡರೆ ಅದರ ಲಾಭ ಅಲ್ಲೇ ಮುಗಿಯಿತು. ನಮ್ಮ ಕಷ್ಟ ಏನೆಂದರೆ ದಿನವಿಡೀ ಅಕ್ಕಿಯೇ. ಬೆಳಿಗ್ಗೆ ನೀರ್ದೋಸೆ ಅಥವಾ ಪುಂಡಿ, ಮಧ್ಯಾಹ್ನ ಅನ್ನ, ಸಂಜೆ ಚಾ ಜೊತೆ ಅವಲಕ್ಕಿ, ರಾತ್ರಿ ಗಂಜಿ, ಉಪ್ಪಿನಕಾಯಿ. ನೀರ್ದೋಸೆಯಲ್ಲಿ ಉದ್ದು ಕೂಡ ಇಲ್ಲ, ಬರೀ ಅಕ್ಕಿ. ಸಿಹಿ ತಿನ್ನುವುದಿಲ್ಲ ಅಂತ ನೀವು ಹೇಳುವುದು ನಿಜವೇ, ಆದರೆ ಪಿಷ್ಟ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ ಆಗುತ್ತದೆ. ಅದನ್ನು ತಡೆದು ನಿಧಾನ ಮಾಡುವುದಕ್ಕೆ ಬಟ್ಟಲಲ್ಲಿ ಬೇರೆ ಏನೂ ಇರುವುದಿಲ್ಲ, ಅಲ್ವಾ?

ಹಾಗಾಗಿ ಬಟ್ಟಲಿನ ಪಾಲು ಬದಲಿಸಿ. ಅರ್ಧ ಬಟ್ಟಲು ತರಕಾರಿ: ಬಸಳೆ, ಹರಿವೆ, ತೊಂಡೆಕಾಯಿ, ಅಲಸಂಡೆ, ಗುಳ್ಳ, ಯಾವುದು ಸಿಕ್ಕಿದರೂ ಸರಿ. ಕಾಲು ಭಾಗ ಮೀನು ಅಥವಾ ಕಾಳು. ಉಳಿದ ಕಾಲು ಭಾಗ ಅನ್ನ, ನಾಲ್ಕು ಸೌಟು ಇದ್ದದ್ದು ಎರಡು ಸೌಟು. ಬಂಗುಡೆ, ಬೂತಾಯಿ ನಿಮ್ಮ ಬಾಗಿಲಿಗೇ ಬರುತ್ತದಲ್ಲ, ಗಸಿ ಮಾಡಿ ತಿನ್ನಿ. ಮೀನು ತಿನ್ನದವರಿಗೆ ಹುರುಳಿ ಸಾರು, ಹೆಸರು ಕಾಳಿನ ಗಸಿ ಇದೆ, ಆದರೆ ಕಾಳು ಬಟ್ಟಲಿಗೆ ಬರಬೇಕು, ಬರೀ ತಿಳಿ ಸಾರಾದರೆ ಸಾಲದು. ತಿನ್ನುವ ಕ್ರಮಕ್ಕೂ ಬೆಲೆ ಇದೆ. ಮೊದಲು ಪಲ್ಯ, ಆಮೇಲೆ ಮೀನು ಅಥವಾ ಕಾಳು, ಕೊನೆಗೆ ಅನ್ನ ತಿಂದರೆ ಅದೇ ಊಟಕ್ಕೆ ಶುಗರ್ ಅಷ್ಟು ಏರುವುದಿಲ್ಲ. ಗಂಜಿ ಇಷ್ಟವಾದರೆ ಬಿಡಬೇಡಿ, ಜೊತೆಗೆ ಹೆಸರು ಕಾಳಿನ ಪಲ್ಯ ಇರಲಿ. ಚಾಕ್ಕೆ ಎಷ್ಟು ಸಕ್ಕರೆ ಹಾಕುತ್ತೀರಿ ಅಂತ ಬರೆದಿಲ್ಲ. ದಿನಕ್ಕೆ ನಾಲ್ಕು ಚಾ, ಒಂದಕ್ಕೆ ಎರಡು ಚಮಚ ಅಂದರೆ ಎಂಟು ಚಮಚ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ.

ನಿಮ್ಮ ವಿಷಯದಲ್ಲಿ ಊಟಕ್ಕಿಂತಲೂ ನನಗೆ ಚಿಂತೆ ಆಗಿರುವುದು ಕೂರುವುದರ ಬಗ್ಗೆ. ಮೊರ ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ಕೂತರೆ ಕಾಲಿನ ದೊಡ್ಡ ಸ್ನಾಯುಗಳು ಸುಮ್ಮನೆ ಮಲಗಿರುತ್ತವೆ. ಊಟದ ಸಕ್ಕರೆಯಲ್ಲಿ ದೊಡ್ಡ ಪಾಲು ಹೋಗಬೇಕಾದ್ದು ಅಲ್ಲಿಗೇ. ಒಂದು ಒಳ್ಳೆಯ ವಿಷಯ ಕೇಳಿ: ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಸಹಾಯ ಇಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಅಂದರೆ ಲಾರಿಯೇ ದಕ್ಕೆಗೆ ಬಂದು ಮೀನು ತುಂಬಿಸಿಕೊಂಡ ಹಾಗೆ. ಊಟ ಮುಗಿಸಿ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ನಡೆಯಿರಿ ಅಂತ ಹೇಳುವುದು ಅದಕ್ಕೇ. ಅರ್ಧ ಗಂಟೆಗೊಮ್ಮೆ ಏಳಿ, ನೀರು ಕುಡಿದು ಬನ್ನಿ, ಎರಡು ನಿಮಿಷ ಸಾಕು. ಬೀಡಿ ಬ್ರಾಂಚಿಗೆ ರಿಕ್ಷಾದಲ್ಲಿ ಹೋಗುವ ಬದಲು ನಡೆದು ಹೋಗಲು ಆಗುತ್ತದಾ ನೋಡಿ. ಮೊದಲೆಲ್ಲ ನಮ್ಮ ಅಜ್ಜಿಯಂದಿರು ಬಾವಿಯಿಂದ ನೀರು ಸೇದುತ್ತಿದ್ದರು, ಕಡೆಯುವ ಕಲ್ಲಿನಲ್ಲಿ ಅರೆಯುತ್ತಿದ್ದರು. ಪಂಪು, ಮಿಕ್ಸಿ ಬಂದದ್ದು ಒಳ್ಳೆಯದೇ ಆಯಿತು, ಯಾರೂ ಹಿಂದಕ್ಕೆ ಹೋಗುವುದು ಬೇಡ, ಆದರೆ ಆ ಕೆಲಸದ ಜಾಗದಲ್ಲಿ ಮೈಗೆ ಬೇರೆ ಏನಾದರೂ ಕೊಡಬೇಕು. ಸ್ಟೂಲಿನ ಮೇಲೆ ಕೂತು, ಕೈ ಊರದೆ ಹತ್ತು ಸಲ ಎದ್ದು ಕೂರಿ, ದಿನಕ್ಕೆ ಮೂರು ಹೊತ್ತು. ಆಟಿಯ ಮಳೆಯಲ್ಲೂ ಇದಕ್ಕೆ ಅಡ್ಡಿಯಿಲ್ಲ.

ಇಷ್ಟು ಮಾಡಿದರೆ ಪ್ರಯೋಜನ ಉಂಟಾ ಅಂತ ಕೇಳಿದರೆ, ಉಂಟು. ಬಾರ್ಡರ್‌ನಲ್ಲಿದ್ದ ಭಾರತೀಯರ ಮೇಲೇ ಚೆನ್ನೈಯಲ್ಲಿ ನಡೆದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಜನರಿಗೆ ಮಧುಮೇಹ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಅದು 39. ಮಾತ್ರೆಯಿಂದ ಸಿಕ್ಕ ಲಾಭವೂ ಹೆಚ್ಚು ಕಡಿಮೆ ಅಷ್ಟೇ. ಎಲ್ಲರಿಗೂ ತಪ್ಪುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಅಮ್ಮನಿಂದ ಬಂದ ಪಾಲು ನಿಮ್ಮಲ್ಲೂ ಇದೆ. ಹಾಗಾಗಿ ಮೂರು ತಿಂಗಳಿಗೆ ಮತ್ತೆ ಎಚ್‌ಬಿಎ1ಸಿ ಮಾಡಿಸಿ, ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್ ಕಾರಣವಾ ಅಂತಲೂ ನೋಡಿಸಿ. ನಿಮಗೆ ಮಕ್ಕಳಿದ್ದು, ಬಸುರಿಯಾಗಿದ್ದಾಗ ಶುಗರ್ ಬಂದಿದ್ದರೆ ಅದನ್ನು ನಿಮ್ಮ ಡಾಕ್ಟರಿಗೆ ಮರೆಯದೆ ಹೇಳಿ.

ಪ್ರಶ್ನೆ: ವಯಸ್ಸು 31, ರಾತ್ರಿ ಪಾಳಿಯ ಕೆಲಸ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂತು. ಶುಗರ್ ನಾರ್ಮಲ್. ಇನ್ಸುಲಿನ್ ಮಟ್ಟದ ಪರೀಕ್ಷೆ ಮಾಡಿಸಬೇಕು ಅಂತ ಗೆಳೆಯ ಹೇಳುತ್ತಾನೆ. ಅಗತ್ಯ ಇದೆಯಾ?
– ಓದುಗರು, ಸುರತ್ಕಲ್

ಉತ್ತರ: ನಿಮಗೆ ಅದರ ಅಗತ್ಯ ಕಾಣುವುದಿಲ್ಲ. ಇನ್ಸುಲಿನ್ ಸಂಖ್ಯೆ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ, ಎಷ್ಟಿದ್ದರೆ ಸರಿ ಎಂಬ ಒಪ್ಪಿತ ಗೆರೆಯೂ ಇಲ್ಲ. ಆ ದುಡ್ಡಿನಲ್ಲಿ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 150ಕ್ಕಿಂತ ಮೇಲೆ, ಒಳ್ಳೆಯ ಕೊಲೆಸ್ಟರಾಲ್ (ಎಚ್‌ಡಿಎಲ್) 40ಕ್ಕಿಂತ ಕೆಳಗೆ, ಸೊಂಟ 90 ಸೆಂಟಿಮೀಟರ್ ದಾಟಿದೆ, ಮೇಲೆ ಫ್ಯಾಟಿ ಲಿವರ್ ಅಂತಾದರೆ ರೆಸಿಸ್ಟೆನ್ಸ್ ಇದೆ ಅಂತ ತಿಳಿಯಲು ಬೇರೆ ಸಾಕ್ಷಿ ಬೇಡ. ತೂಕ ಜಾಸ್ತಿ ಇದ್ದರೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿದರೂ ಲಿವರಿನ ಕೊಬ್ಬು ಚೆನ್ನಾಗಿ ಕಡಿಮೆಯಾಗುತ್ತದೆ. ಕುಡಿಯುವ ಅಭ್ಯಾಸ ಇದ್ದರೆ ನಿಲ್ಲಿಸಿ, ತಂಪು ಪಾನೀಯವನ್ನೂ ಬಿಡಿ. ಪಾಳಿ ಮುಗಿಸಿ ಬಂದು ಬನ್ಸ್, ಗೋಳಿಬಜೆ ತಿಂದು ಮಲಗುವ ಕ್ರಮ ಇದ್ದರೆ ಅದನ್ನು ಮೊದಲು ಬದಲಿಸಿ. ಹಗಲಿನಲ್ಲಿ ಕೋಣೆ ಕತ್ತಲು ಮಾಡಿಕೊಂಡು ಏಳು ಗಂಟೆ ನಿದ್ದೆ ಮಾಡಿ. ಕೆಲವೇ ರಾತ್ರಿ ನಿದ್ದೆ ಕೆಟ್ಟರೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಇದನ್ನು ನಮ್ಮ ಹುಡುಗರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಡಾಕ್ಟ್ರೇ, ಅಪ್ಪಯ್ಯನಿಗೆ 68 ವರ್ಷ. ಶುಗರ್‌ಗೆ ಎರಡು ಮಾತ್ರೆ ತಗೊಳ್ತಾರೆ. ಶನಿವಾರ ಒಪ್ಪೊತ್ತು, ಏಕಾದಶಿಗೆ ಪೂರ್ತಿ ಉಪವಾಸ, ಬಿಡಿ ಅಂದರೆ ಕೇಳುವುದಿಲ್ಲ. ಹೋದ ಏಕಾದಶಿಗೆ ಮೈಯೆಲ್ಲ ಬೆವರಿ ಕೈ ನಡುಗಿತು. ದೇವರ ಕೋಣೆಯಲ್ಲೇ ಕುಸಿದು ಕೂತರು. ಬೆಲ್ಲ ಕೊಟ್ಟೆವು, ಸರಿಯಾಯಿತು. ಶುಗರ್ ಇದ್ದವರಿಗೆ ಬೆಲ್ಲ ಕೊಟ್ಟದ್ದು ತಪ್ಪಾಯ್ತಾ?
– ಓದುಗರು, ಕೋಟ

ಉತ್ತರ: ತಪ್ಪಾಗಿಲ್ಲ, ನೀವು ಸರಿಯಾದ್ದನ್ನೇ ಮಾಡಿದ್ದೀರಿ. ಅವತ್ತು ಆದದ್ದು ಶುಗರ್ ತೀರಾ ಇಳಿದು ಅಂತ ಕಾಣುತ್ತದೆ, 70ಕ್ಕಿಂತ ಕೆಳಗೆ ಹೋದಾಗ ಹೀಗೇ ಆಗುವುದು. ಆಗ ಮೂರು ನಾಲ್ಕು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ, 15 ನಿಮಿಷ ಬಿಟ್ಟು ಶುಗರ್ ನೋಡಿ, ಏರದಿದ್ದರೆ ಮತ್ತೆ ಅಷ್ಟೇ ಕೊಡಿ, ಆಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ಇಲ್ಲದಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಉಸಿರಿಗೆ ಸಿಕ್ಕಿಕೊಳ್ಳುತ್ತದೆ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ಮನೆಯಲ್ಲಿರುವ ಮಾತ್ರೆಯ ಹಾಳೆ ತೆಗೆದು ಹೆಸರು ಓದಿ. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ಹೀಗೆ ಇಳಿಯುವುದು ಅಪರೂಪ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಎಂದಿದ್ದರೆ ಅದು ಊಟ ಮಾಡಲಿ, ಬಿಡಲಿ, ಇನ್ಸುಲಿನ್ ಹೊರಗೆ ತಳ್ಳುತ್ತಲೇ ಇರುತ್ತದೆ. ಅಪಾಯ ಇರುವುದು ಅಲ್ಲಿ. ಅಪ್ಪಯ್ಯನ ಹತ್ತಿರ ಉಪವಾಸ ಬಿಡಿ ಅಂತ ಜಗಳ ಮಾಡಬೇಡಿ, ಅಷ್ಟು ವರ್ಷದ ವ್ರತ ಅವರಿಗೆ ಎಷ್ಟು ದೊಡ್ಡದು ಅಂತ ನಿಮಗೇ ಗೊತ್ತು. ಬದಲಿಗೆ ಮುಂದಿನ ಏಕಾದಶಿಗೆ ಮೊದಲೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ‘ಈ ದಿನ ಇವರು ಉಪವಾಸ ಮಾಡುತ್ತಾರೆ, ಯಾವ ಮಾತ್ರೆ ಎಷ್ಟು ಕೊಡಬೇಕು’ ಅಂತ ಬರೆಸಿಕೊಂಡು ಬನ್ನಿ. ನೀವಾಗಿಯೇ ನಿಲ್ಲಿಸುವುದು ಬೇಡ. ನೀರು ಕೂಡ ಕುಡಿಯದ ಉಪವಾಸ ಈ ವಯಸ್ಸಿಗೆ ಬೇಡ ಅಂತ ಡಾಕ್ಟರ ಬಾಯಲ್ಲೇ ಹೇಳಿಸಿ, ಅವರು ಹೇಳಿದರೆ ಕೇಳಿಯಾರು. ಹಾಗೇ ಶನಿವಾರ ರಾತ್ರಿ ಅನ್ನದ ಬದಲು ಉಪ್ಪಿಟ್ಟು, ಅವಲಕ್ಕಿ, ನಾಲ್ಕು ದೋಸೆ ಅಂತ ಫಲಾಹಾರ ಮಾಡಿದರೆ ಶುಗರ್ ಮಟ್ಟಿಗೆ ಅದೂ ಒಂದು ಊಟವೇ. ದೋಸೆ ಎರಡಾಗಲಿ, ಜೊತೆಗೆ ಹೆಸರು ಕಾಳಿನ ಉಸಲಿ ಇರಲಿ.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ ಹಾಕಿದರೆ ಆಗುತ್ತದಾ? ಎಳನೀರು ಕುಡಿಯಬಹುದಾ? ಹಾಗಲಕಾಯಿ ರಸ ಕುಡಿದು ಮಾತ್ರೆ ಬಿಟ್ಟವರಿದ್ದಾರೆ, ನಾನೂ ಬಿಡಬಹುದಾ?
– ಓದುಗರು, ಮೂಡುಬಿದಿರೆ

ಉತ್ತರ: ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ, ಶುಗರ್ ಏರಿಸುವುದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಜೇನಿಗೂ ಅದೇ ಮಾತು. ಎಳನೀರು ಅಪರೂಪಕ್ಕೆ ಒಂದು ಲೋಟ ಕುಡಿಯಬಹುದು, ಕಿಡ್ನಿ ತೊಂದರೆ ಇದ್ದರೆ ಪೊಟ್ಯಾಷಿಯಂ ಕಾರಣಕ್ಕೆ ಡಾಕ್ಟರನ್ನು ಕೇಳದೆ ಕುಡಿಯಬೇಡಿ. ಹಾಗಲಕಾಯಿ ಪಲ್ಯ ಮಾಡಿ ಧಾರಾಳ ತಿನ್ನಿ, ಅದು ಒಳ್ಳೆಯ ತರಕಾರಿ. ಅದನ್ನು ನಂಬಿ ಮಾತ್ರೆ ಬಿಟ್ಟು, ಕಾಲಿನ ಹುಣ್ಣು ಕೊಳೆತ ಮೇಲೆ ಬಂದವರನ್ನು ನಾನು ನೋಡಿದ್ದೇನೆ. ನಿಮ್ಮ ಮಾತ್ರೆ ಯಾವುದು, ಶುಗರ್ ಎಷ್ಟಿದೆ ಅಂತ ಬರೆದಿಲ್ಲ. ಕೊನೆಯ ಎರಡು ರಿಪೋರ್ಟಿನ ಸಂಖ್ಯೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಸರಿಯಾಗಿ ನೋಡೋಣ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.