ಒಟ್ಟು 7 ಬಂದಿದೆ, ಆದರೂ ಸೀಟಿಲ್ಲ: ಐಇಎಲ್‌ಟಿಎಸ್ ಬರೆಯುತ್ತಿದ್ದ ಒಬ್ಬರ ಪ್ರಕರಣ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿ ಇರುವವರು ತುಂಬಾ ಜನ ಇದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ.

ಆಕೆಗೆ 27 ವರ್ಷ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್‌ನಲ್ಲೇ ಮೇಲ್ ಬರೆಯುವವರು, ಮೀಟಿಂಗ್‌ನಲ್ಲಿ ಮಾತಾಡುವವರು. ವಿದೇಶದಲ್ಲಿ ಸ್ನಾತಕೋತ್ತರ ಓದಬೇಕು ಅಂತ ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನುವ ಇಂಗ್ಲಿಷ್ ಭಾಷಾ ಪರೀಕ್ಷೆಯನ್ನು ಎರಡು ಸಲ ಬರೆದಿದ್ದರು. ನನ್ನ ಹತ್ತಿರ ಸಲಹೆಗೆ ಬಂದು ಕೂತವರೇ ಹೇಳಿದ್ದು ಒಂದೇ ಮಾತು: "ಮೇಡಂ, ನನಗೆ ಇಂಗ್ಲಿಷ್ ಬರಲ್ಲ ಅನ್ನೋದು ಈಗ ಗೊತ್ತಾಯ್ತು."

ಅಂಕ ನೋಡಿದೆ. ಎರಡನೇ ಸಲ ಲಿಸನಿಂಗ್ 8, ರೀಡಿಂಗ್ 7.5, ರೈಟಿಂಗ್ 6, ಸ್ಪೀಕಿಂಗ್ 6. ಸರಾಸರಿ 6.875. ಅದನ್ನು ಹತ್ತಿರದ ಅರ್ಧ ಬ್ಯಾಂಡ್‌ಗೆ (ಇಲ್ಲಿ ಅಂಕಕ್ಕೆ ಬ್ಯಾಂಡ್ ಅನ್ನುತ್ತಾರೆ, ಗರಿಷ್ಠ 9) ಸರಿಮಾಡಿ ಒಟ್ಟು 7 ಕೊಟ್ಟಿದ್ದಾರೆ. ಆಕೆಗೆ ಬೇಕಾದ ಕೋರ್ಸ್ ಕೇಳಿದ್ದು ಒಟ್ಟು 6.5, ಜೊತೆಗೆ ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಅಂದರೆ ಒಟ್ಟು ಅಂಕ ಬೇಕಾದ್ದಕ್ಕಿಂತ ಜಾಸ್ತಿ ಇದೆ, ಎರಡು ವಿಭಾಗ ಮಾತ್ರ ಅರ್ಧ ಬ್ಯಾಂಡ್ ಕೆಳಗೆ. ಮೊದಲ ಸಲವೂ ರೈಟಿಂಗ್ 6 ಇತ್ತು, ಆದರೆ ಸ್ಪೀಕಿಂಗ್ 6.5 ಬಂದಿತ್ತು. ಮಧ್ಯದಲ್ಲಿ ಅಷ್ಟೊಂದು ತಿಂಗಳು ನಿದ್ದೆಗೆಟ್ಟು ಓದಿದ ಮೇಲೆ ಮಾತಿನ ಅಂಕ ಇನ್ನೂ ಇಳಿದಿತ್ತು. ಅವರನ್ನು ಕುಗ್ಗಿಸಿದ್ದು ಇದೇ.

ಮನೆಯಲ್ಲಿ ಫಲಿತಾಂಶ ಹೇಳಿರಲಿಲ್ಲ. ಫೀಸು ಕಟ್ಟಿದ್ದು ಅಣ್ಣ. ಅವರು ಕೇಳಿದಾಗಲೆಲ್ಲ "ಇನ್ನೂ ಬಂದಿಲ್ಲ ಅಣ್ಣ" ಅನ್ನುತ್ತಿದ್ದರು. ಕಂಪ್ಯೂಟರ್‌ನಲ್ಲಿ ಬರೆದ ಪರೀಕ್ಷೆಯ ಫಲಿತಾಂಶ ಕೆಲವೇ ದಿನಗಳಲ್ಲಿ ಬರುತ್ತದೆ, ಇವತ್ತಲ್ಲ ನಾಳೆ ಅಣ್ಣನಿಗೆ ಗೊತ್ತಾಗುತ್ತದೆ ಅನ್ನೋದು ಆಕೆಗೂ ಗೊತ್ತಿತ್ತು. ಫೋನ್ ರಿಂಗಾದರೆ ಎದೆ ಡವಡವ. ಬೆಳಗಿನ ಜಾವಕ್ಕೇ ಎಚ್ಚರ. ಎದ್ದ ಕೂಡಲೇ ಇನ್ನೊಂದು ಮಾಕ್ ಟೆಸ್ಟ್.

ನಾನು ಮೊದಲು ಕೇಳಿದ್ದು ನಿದ್ದೆ, ಊಟ, ಕೆಲಸದ ಬಗ್ಗೆ. ಪರೀಕ್ಷೆ ವಿಷಯ ಬಿಟ್ಟು ಬೇರೆ ಹೊತ್ತಿನಲ್ಲೂ ಹೀಗೆ ಆಗುತ್ತದಾ, ಬದುಕೇ ಬೇಡ ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ನಿದ್ದೆ ಸುಧಾರಿಸದಿದ್ದರೆ ಅಥವಾ ಗಾಬರಿ ದಿನಾ ಬರುವ ಹಾಗಾದರೆ ವೈದ್ಯರನ್ನು ನೋಡಲೇಬೇಕು, ಅದನ್ನು ಪರೀಕ್ಷೆ ಮುಗಿಯುವ ತನಕ ಮುಂದಕ್ಕೆ ಹಾಕಬಾರದು ಅಂತ ಹೇಳಿ ಮುಂದೆ ಹೋದೆ.

ಆಕೆಯ ತಯಾರಿ ಹೇಗಿತ್ತು ಅಂದರೆ, ದಿನಾ ಒಂದು ಪೂರ್ತಿ ಮಾಕ್ ಟೆಸ್ಟ್. ಬರೆಯುವುದು, ಉತ್ತರ ತಾಳೆ ನೋಡುವುದು, ಅಂಕ ಡೈರಿಯಲ್ಲಿ ಬರೆದಿಡುವುದು, ಮರುದಿನ ಹೊಸ ಟೆಸ್ಟ್. ಡೈರಿ ತುಂಬ ಅಂಕಗಳೇ. ಯಾವ ಪ್ರಶ್ನೆ ಯಾಕೆ ತಪ್ಪಾಯಿತು ಅಂತ ಒಂದು ಸಾಲೂ ಇರಲಿಲ್ಲ. ದಿನಾ ತೂಕದ ಯಂತ್ರದ ಮೇಲೆ ನಿಂತರೆ ತೂಕ ಇಳಿಯುವುದಿಲ್ಲ ಅಲ್ವಾ? ಇದನ್ನೇ ಹೇಳಿದೆ. ಟೆಸ್ಟ್ ಬರೆಯುವುದು ಅಳೆಯುವ ಕೆಲಸ. ಕಲಿಯುವ ಕೆಲಸ ಅದಾದ ಮೇಲೆ, ತಪ್ಪಿನ ಮುಂದೆ ಕೂತಾಗ ಶುರುವಾಗುತ್ತದೆ. ಆಕೆ ಅಲ್ಲಿಗೇ ನಿಲ್ಲಿಸುತ್ತಿದ್ದರು, ಯಾಕೆಂದರೆ ತಪ್ಪು ನೋಡಿದರೆ ಅಳು ಬರುತ್ತಿತ್ತು.

ಮುಂದಿನ ಸಲ ಬರುವಾಗ ಅಭ್ಯಾಸಕ್ಕೆ ಬರೆದ ಪ್ರಬಂಧಗಳನ್ನು ತನ್ನಿ ಅಂದಿದ್ದೆ, ತಂದರು. ಎಲ್ಲವೂ "ಇನ್ ದಿಸ್ ಮಾಡರ್ನ್ ಎರಾ" ಅಂತ ಶುರು. ವಿಷಯ ಪರಿಸರ ಇರಲಿ, ಶಿಕ್ಷಣ ಇರಲಿ, ಮೊದಲ ಮೂರು ಸಾಲು ಒಂದೇ. ಯಾವುದೋ ವಿಡಿಯೋದಲ್ಲಿ ಸಿಕ್ಕ ಸಿದ್ಧ ಮಾದರಿ ಅದು. ಪರೀಕ್ಷಕರಿಗೆ ಬಾಯಿಪಾಠದ ವಾಕ್ಯಗಳು ಬೇಗ ಗೊತ್ತಾಗುತ್ತವೆ, ಅವುಗಳಿಂದ ಅಂಕ ಏರುವುದಿಲ್ಲ. ಆದರೆ ನಿಜವಾದ ತೊಂದರೆ ಅದರ ಕೆಳಗೆ ಇತ್ತು. ಒಂದು ಪ್ರಶ್ನೆ ಹೀಗಿತ್ತು: ವಿಶ್ವವಿದ್ಯಾಲಯದ ಓದು ಎಲ್ಲರಿಗೂ ಉಚಿತವಾಗಿರಬೇಕು, ಇದನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? ಆಕೆ ಒಂದು ಪ್ಯಾರಾ ಲಾಭ ಬರೆದಿದ್ದರು, ಒಂದು ಪ್ಯಾರಾ ನಷ್ಟ ಬರೆದಿದ್ದರು, ಕೊನೆಗೆ "ಎರಡೂ ಕಡೆ ಇದೆ" ಅಂತ ಮುಗಿಸಿದ್ದರು. ನಾನು ಕೇಳಿದೆ, "ಸರಿ, ನೀವು ಒಪ್ಪುತ್ತೀರಾ?" ಆಕೆ ತಟ್ಟನೆ, "ಇಲ್ಲ ಮೇಡಂ, ಕೈಲಾಗದವರಿಗೆ ಮಾತ್ರ ಉಚಿತ ಇರಬೇಕು, ಇಲ್ಲದಿದ್ದರೆ ದುಡ್ಡು ಇರುವವರೇ ಲಾಭ ತಗೋತಾರೆ" ಅಂದರು. ಎಷ್ಟು ಚೆಂದದ ಉತ್ತರ! ಅದು ಪ್ರಬಂಧದಲ್ಲಿ ಎಲ್ಲೂ ಇರಲಿಲ್ಲ.

ರೈಟಿಂಗ್ ಅಳೆಯುವುದು ನಾಲ್ಕು ವಿಷಯದ ಮೇಲೆ, ನಾಲ್ಕಕ್ಕೂ ಸಮಾನ ಪಾಲು. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ವಿಚಾರಗಳು ಒಂದಕ್ಕೊಂದು ಕೂಡಿಕೊಂಡು ಸಾಗುತ್ತವಾ, ಪದಗಳನ್ನು ಹೇಗೆ ಬಳಸಿದ್ದೀರಿ, ವ್ಯಾಕರಣ ಹೇಗಿದೆ. ಈ ಅಳತೆಗೋಲು ಗುಟ್ಟಿನದ್ದೇನಲ್ಲ, ಯಾವ ಬ್ಯಾಂಡ್‌ಗೆ ಏನು ಬೇಕು ಅಂತ ಪರೀಕ್ಷೆ ನಡೆಸುವವರೇ ಪ್ರಕಟಿಸಿದ್ದಾರೆ. ಆಕೆ ಅದನ್ನು ಒಮ್ಮೆಯೂ ಓದಿರಲಿಲ್ಲ. ಕಷ್ಟದ ಪದ ಹುಡುಕುವುದರಲ್ಲೇ ಹೊತ್ತು ಕಳೆದಿತ್ತು, ಅಂಕ ಸೋರುತ್ತಿದ್ದದ್ದು ಮೊದಲನೆಯದರಲ್ಲಿ. ಇಬ್ಬರೂ ಕೂತು 6 ಮತ್ತು 7ರ ವಿವರಣೆಯನ್ನು ಅಕ್ಕಪಕ್ಕ ಇಟ್ಟು ಓದಿದೆವು. ಆಕೆಯೇ ಪೆನ್ಸಿಲ್ ಹಿಡಿದು ತನ್ನ ಪ್ರಬಂಧದಲ್ಲಿ ಗುರುತು ಹಾಕಿದರು. "ನನಗೆ ಇಂಗ್ಲಿಷ್ ಬರಲ್ಲ" ಅನ್ನುವ ಮಾತು ಆವತ್ತಿನಿಂದ ನಿಂತಿತು. ಅದರ ಬದಲು "ನನ್ನ ನಿಲುವು ಮೊದಲ ಪ್ಯಾರಾದಲ್ಲಿ ಇಲ್ಲ" ಅನ್ನತೊಡಗಿದರು. ಇದು ತಿದ್ದಬಹುದಾದ ಮಾತು. ಮೊದಲಿನದಕ್ಕೆ ನಾನಾಗಲಿ ಯಾರಾಗಲಿ ಏನು ಮಾಡಲಿಕ್ಕಾಗುತ್ತದೆ?

ಇನ್ನೊಂದು ವಿಷಯ ಸಮಯದ್ದು. ರೈಟಿಂಗ್‌ಗೆ ಇರುವುದು 60 ನಿಮಿಷ. ಮೊದಲ ಟಾಸ್ಕ್‌ನಲ್ಲಿ ಗ್ರಾಫ್, ಟೇಬಲ್ ಅಥವಾ ಚಿತ್ರವನ್ನು ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ. ಎರಡನೆಯದಕ್ಕೆ ಮೊದಲನೆಯದರ ಎರಡು ಪಟ್ಟು ಬೆಲೆ. ಆಕೆ ಗ್ರಾಫ್‌ನ ಪ್ರತಿ ಅಂಕಿಯನ್ನೂ ಬಿಡದೆ ಬರೆಯಲು ಹೋಗಿ ಅರ್ಧ ಗಂಟೆ ಅಲ್ಲೇ ಕಳೆಯುತ್ತಿದ್ದರು, ಪ್ರಬಂಧದ ಕೊನೆ ಪ್ಯಾರಾ ಓಡಿ ಓಡಿ ಮುಗಿಸುತ್ತಿದ್ದರು. ಗ್ರಾಫ್‌ನಲ್ಲಿ ಎಲ್ಲ ಅಂಕಿ ಬೇಡ, ಒಟ್ಟಾರೆ ಏನು ಕಾಣುತ್ತದೆ ಅನ್ನುವ ಒಂದೆರಡು ವಾಕ್ಯ ಬೇಕೇ ಬೇಕು, ಅದಕ್ಕೆ ಆಧಾರವಾಗಿ ಮುಖ್ಯ ಅಂಕಿಗಳು ಸಾಕು. 20 ನಿಮಿಷ ಆದ ಕೂಡಲೇ ಅದನ್ನು ಅಲ್ಲಿಗೇ ಬಿಟ್ಟು ಪ್ರಬಂಧಕ್ಕೆ ಹೋಗಿ ಅಂದೆ.

ನಾನು ಕೊಟ್ಟ ಮುಖ್ಯ ಸಲಹೆ ಇದು: ಮಾಕ್ ಟೆಸ್ಟ್ ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ವಾರಕ್ಕೆ ಎರಡೇ ಪ್ರಬಂಧ. ಒಂದು ಬರೆದು, ತಿಳಿದವರೊಬ್ಬರಿಂದ ಓದಿಸಿ, ಅವರು ಹೇಳಿದ್ದನ್ನು ಗಮನಿಸಿ, ಅದೇ ಪ್ರಬಂಧವನ್ನು ಮತ್ತೆ ಬರೆಯಿರಿ. ಹೊಸ ವಿಷಯ ಬೇಡ, ಅದೇ ವಿಷಯ. ಬರೆಯುವ ಮೊದಲು ಐದು ನಿಮಿಷ ಸುಮ್ನೆ ಕೂತು "ನಾನು ಏನು ಹೇಳುತ್ತೇನೆ, ಯಾಕೆ" ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ತಪ್ಪುಗಳಿಗೆ ಬೇರೆ ನೋಟ್‌ಬುಕ್. ಅದರಲ್ಲಿ ಅಂಕ ಬರೆಯಬಾರದು, ತಪ್ಪು ಮತ್ತು ಸರಿ ಮಾತ್ರ. ಆಕೆಯ ತಪ್ಪುಗಳು ನೂರಾರು ಇವೆ ಅನ್ನಿಸುತ್ತಿತ್ತು. ನೋಟ್‌ಬುಕ್ ಶುರು ಮಾಡಿದ ಮೇಲೆ ಕಂಡದ್ದು, ಅದೇ ನಾಲ್ಕೈದು ತಪ್ಪು ಮತ್ತೆ ಮತ್ತೆ: "ದಿ" ಬಿಟ್ಟುಹೋಗುವುದು, ಬಹುವಚನಕ್ಕೆ ಏಕವಚನದ ಕ್ರಿಯಾಪದ, ಅರ್ಧ ಪುಟ ನಿಲ್ಲದೆ ಓಡುವ ವಾಕ್ಯ.

ಲಿಸನಿಂಗ್, ರೀಡಿಂಗ್ ಚೆನ್ನಾಗಿಯೇ ಇದ್ದವು, ಅವನ್ನು ಮುಟ್ಟಲಿಲ್ಲ. ಬೇರೆಯವರಿಗೆ ಬೇಕಾದರೆ ಒಂದೇ ಮಾತು ಹೇಳುತ್ತೇನೆ. ರೀಡಿಂಗ್‌ನಲ್ಲಿ 60 ನಿಮಿಷಕ್ಕೆ 40 ಪ್ರಶ್ನೆ, ಉತ್ತರ ತುಂಬಲು ಪ್ರತ್ಯೇಕ ಸಮಯ ಇಲ್ಲ, ತಪ್ಪಿಗೆ ಅಂಕ ಕಳೆಯುವುದೂ ಇಲ್ಲ. ಹಾಗಾಗಿ ಖಾಲಿ ಬಿಡಬೇಡಿ.

ಈಗ ಸ್ಪೀಕಿಂಗ್. ಇಲ್ಲಿ ಭಾಷೆಗಿಂತ ಮನಸ್ಸಿನ ಕೆಲಸ ಜಾಸ್ತಿ ಇತ್ತು. ಮೊದಲ ಪರೀಕ್ಷೆಯಲ್ಲಿ, ಎರಡನೇ ಭಾಗದಲ್ಲಿ ಆಕೆ ಮಾತಾಡುತ್ತಿದ್ದಾಗ ಪರೀಕ್ಷಕರು ಮಧ್ಯದಲ್ಲೇ "ಥ್ಯಾಂಕ್ ಯು" ಅಂತ ತಡೆದರಂತೆ. ಮುಖದಲ್ಲಿ ನಗು ಇಲ್ಲ. "ನಾನು ಅಷ್ಟು ಕೆಟ್ಟದಾಗಿ ಮಾತಾಡಿದೆ, ಅವರಿಗೆ ಕೇಳೋಕೇ ಆಗಲಿಲ್ಲ" ಅಂತ ಆಕೆ ನಂಬಿದ್ದರು. ಆ ಹೆದರಿಕೆಯಲ್ಲಿ ಎರಡನೇ ಸಲ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಹೋದರು, ಮಧ್ಯದಲ್ಲಿ ಒಂದು ಸಾಲು ಮರೆತುಹೋಯಿತು, ಆಮೇಲೆ ಮಾತೇ ಹೊರಡಲಿಲ್ಲ. ಅಂಕ ಇಳಿದದ್ದು ಹೀಗೆ.

ನಾನು ಪರೀಕ್ಷೆಯ ರಚನೆ ಬಿಡಿಸಿ ಹೇಳಿದೆ. ಇಡೀ ಸಂದರ್ಶನ 11ರಿಂದ 14 ನಿಮಿಷ. ಎರಡನೇ ಭಾಗದಲ್ಲಿ ಒಂದು ಕಾರ್ಡ್ ಕೊಡುತ್ತಾರೆ, ಯೋಚಿಸಲು ಒಂದು ನಿಮಿಷ, ಮಾತಾಡಲು ಒಂದರಿಂದ ಎರಡು ನಿಮಿಷ. ಎರಡು ನಿಮಿಷ ಆದರೆ ಪರೀಕ್ಷಕರು ತಡೆಯಲೇಬೇಕು, ಅದು ನಿಯಮ. ನಿಮ್ಮನ್ನು ತಡೆದರು ಅಂದರೆ ನೀವು ಸಮಯ ತುಂಬುವಷ್ಟು ಮಾತಾಡಿದ್ದೀರಿ ಅಂತ ಅರ್ಥ. ಪರೀಕ್ಷಕರು ತಲೆಯಾಡಿಸದೆ, ಹೊಗಳದೆ ಇರುವುದೂ ಎಲ್ಲರಿಗೂ ಒಂದೇ ಥರ ನಡೆಯಲಿ ಅಂತಲೇ. ಇಷ್ಟು ಹೇಳಿದ್ದಕ್ಕೆ ಆಕೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಹಾಗಾದರೆ ನಾನು ಒಂದು ವರ್ಷ ಸುಮ್ನೆ ಹೆದರಿದ್ನಾ?" ಅಂದರು. ಹೆದರಿದ್ದು ಸಹಜ, ಯಾರೂ ನಿಮಗೆ ಇದನ್ನು ಹೇಳಿರಲಿಲ್ಲ ಅಂದೆ.

ಆಮೇಲೆ ಫೋನಿನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಸಿದೆ. ಕೇಳಿಸಿಕೊಂಡಾಗ ಆಕೆಗೇ ಆಶ್ಚರ್ಯ. "ಹಿ ಗೋ... ಸಾರಿ, ಹಿ ಗೋಸ್... ಸಾರಿ" ಅಂತ ಪ್ರತಿ ವಾಕ್ಯಕ್ಕೂ ಕ್ಷಮೆ ಕೇಳುತ್ತಿದ್ದರು. ತಪ್ಪಿಗಿಂತ ಆ ಕ್ಷಮೆಯೇ ಮಾತಿನ ಓಟವನ್ನು ಮುರಿಯುತ್ತಿತ್ತು. ದಿನಾ ಹತ್ತು ನಿಮಿಷ, ಯಾವುದಾದರೂ ವಿಷಯದ ಮೇಲೆ ಮಾತಾಡಿ ರೆಕಾರ್ಡ್ ಮಾಡಿ, ತಪ್ಪಿದರೆ ಸರಿಪಡಿಸಿ ಮುಂದೆ ಹೋಗಿ, "ಸಾರಿ" ಮಾತ್ರ ಹೇಳಬೇಡಿ. ಇದಿಷ್ಟೇ ಅಭ್ಯಾಸ. ಉಚ್ಚಾರಣೆ ಬ್ರಿಟಿಷರ ಥರ ಇರಬೇಕಿಲ್ಲ, ಕೇಳುವವರಿಗೆ ಕಷ್ಟವಿಲ್ಲದೆ ಅರ್ಥವಾಗಬೇಕು. ಅಭಿಪ್ರಾಯ ಸರಿಯಾ ತಪ್ಪಾ ಅಂತಲೂ ಯಾರೂ ಅಂಕ ಹಾಕುವುದಿಲ್ಲ.

ಅಣ್ಣನ ವಿಷಯಕ್ಕೆ ಬಂದಾಗ ಆಕೆ ತುಂಬಾ ಹಿಂಜರಿದರು. ನಾನು ಒತ್ತಾಯ ಮಾಡಲಿಲ್ಲ, ಆದರೆ ಹೇಳದೆ ಇದ್ದರೆ ಪ್ರತಿ ದಿನದ ಓದಿನ ಮೇಲೂ ಅದರ ನೆರಳು ಬೀಳುತ್ತದೆ ಅಂದೆ. "ಫೇಲ್ ಆದೆ" ಅಂತ ಹೇಳಬೇಡಿ, ಈ ಪರೀಕ್ಷೆಯಲ್ಲಿ ಪಾಸು ಫೇಲು ಅಂತ ಇಲ್ಲವೇ ಇಲ್ಲ. "ಒಟ್ಟು 7 ಬಂದಿದೆ, ಎರಡು ವಿಭಾಗದಲ್ಲಿ ಅರ್ಧ ಅರ್ಧ ಕಡಿಮೆ, ಮುಂದಿನ ಪ್ಲಾನ್ ಇದು" ಅಂತ ಹೇಳಿ ಅಂದೆ. ಹೇಳಿದರು. ಅಣ್ಣ ಬೈದರಂತೆ, ಅಂಕಕ್ಕಲ್ಲ, ಮುಚ್ಚಿಟ್ಟದ್ದಕ್ಕೆ. ಆಮೇಲೆ ಸಂಜೆ ಹೊತ್ತು ಪ್ರಬಂಧ ಓದಿ "ಇಲ್ಲಿ ಏನು ಹೇಳ್ತಿದ್ದೀಯ ಅಂತ ಗೊತ್ತಾಗ್ತಿಲ್ಲ" ಅಂತ ಹೇಳುವ ಓದುಗರೂ ಅವರೇ ಆದರು.

ಮೂರನೇ ಸಲ ಸ್ಪೀಕಿಂಗ್ 7 ಬಂತು. ರೈಟಿಂಗ್ ಮತ್ತೆ 6. ಆದರೆ ಈ ಸಲ ಒಂದೇ ವಿಭಾಗ ಉಳಿದಿದ್ದರಿಂದ ಒಂದು ದಾರಿ ತೆರೆದಿತ್ತು. ಒನ್ ಸ್ಕಿಲ್ ರೀಟೇಕ್ ಅಂತ ಇದೆ, ನಾಲ್ಕರಲ್ಲಿ ಒಂದು ವಿಭಾಗವನ್ನು ಮಾತ್ರ ಮತ್ತೆ ಬರೆಯಬಹುದು. ಕಂಪ್ಯೂಟರ್‌ನಲ್ಲಿ ಪರೀಕ್ಷೆ ಬರೆದವರಿಗೆ, ಆ ಸೌಲಭ್ಯ ಇರುವ ಕಡೆ ಮಾತ್ರ, ಮೂಲ ಪರೀಕ್ಷೆಯಾದ 60 ದಿನದೊಳಗೆ, ಒಂದೇ ಸಲ. ಕೆಲವು ವಿಶ್ವವಿದ್ಯಾಲಯಗಳು ಇದನ್ನು ಒಪ್ಪುವುದಿಲ್ಲ. ಹಾಗಾಗಿ ದುಡ್ಡು ಕಟ್ಟುವ ಮೊದಲು ಪ್ರವೇಶ ವಿಭಾಗಕ್ಕೆ ಮೇಲ್ ಬರೆದು ಕೇಳಿ ಅಂದೆ. ಒಪ್ಪುತ್ತೇವೆ ಅಂತ ಉತ್ತರ ಬಂತು. ಆಕೆ ಹಿಂದಿನ ನೋಟ್‌ಬುಕ್ ಇಟ್ಟುಕೊಂಡು ರೈಟಿಂಗ್ ಒಂದಕ್ಕೇ ತಯಾರಾದರು. 6.5 ಬಂತು.

ಈಗ ಪ್ರವೇಶ ಸಿಕ್ಕಿದೆ. ಕಳೆದ ಭೇಟಿಯಲ್ಲಿ ಕೇಳಿದ್ದು, ಅಲ್ಲಿ ಹೋದ ಮೇಲೆ ಉದ್ದುದ್ದ ಬರೆಯಬೇಕಲ್ಲ, ಅದಕ್ಕೂ ಇದೇ ಸಾಕಾ ಅಂತ. ಸಾಲದು ಅಂದೆ. 40 ನಿಮಿಷದ ಪ್ರಬಂಧದಲ್ಲಿ ಬೇರೆಯವರ ಬರಹವನ್ನು ಓದಿ, ಆಧಾರ ಕೊಟ್ಟು, ಅದರ ಜೊತೆ ವಾದ ಮಾಡುವ ಕೆಲಸ ಇರುವುದಿಲ್ಲ, ಅಲ್ಲಿ ಅದೇ ಮುಖ್ಯ. ಹೊರಡುವ ಮೊದಲು ತನ್ನ ವಿಷಯದ ಸಂಶೋಧನಾ ಲೇಖನಗಳನ್ನು ವಾರಕ್ಕೊಂದರಂತೆ ಓದಿ, ಲೇಖಕರು ಏನು ಹೇಳುತ್ತಾರೆ, ನಾನು ಎಲ್ಲಿ ಒಪ್ಪುವುದಿಲ್ಲ ಅಂತ ಅರ್ಧ ಪುಟ ಬರೆಯುವುದು ಅಂತ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದೇವೆ. ಮೊದಲ ಅರ್ಧ ಪುಟ ಕಳಿಸಿದ್ದಾರೆ. ನಿಲುವು ಮೊದಲ ಸಾಲಿನಲ್ಲೇ ಇದೆ.