ವಾದ ಮಾಡಿದವಳ ಹೆಸರಲ್ಲೇ ಒಂದು ಅಧ್ಯಾಯವಿದೆ

ಕುರ್‌ಆನಿನಲ್ಲಿ ಹೆಣ್ಣಿಗೆ ನ್ಯಾಯ ಹುಡುಕುವುದು ಈಗಿನ ಓದಿದ ಹೆಂಗಸರು ಹೊರಗಿನಿಂದ ತಂದದ್ದಲ್ವಾ ಎಂದು ಕೇಳಿದ್ದೀರಿ. ಖಂಡಿತ ಅಲ್ಲ.

58ನೇ ಅಧ್ಯಾಯ ತೆಗೆದು ನೋಡಿ. ಹೆಸರು ಅಲ್ ಮುಜಾದಿಲ, ಅಂದರೆ ವಾದ ಮಾಡುವವಳು. ಖೌಲಾ ಎಂಬುವರಿಗೆ ಗಂಡ ಸಿಟ್ಟಿನಲ್ಲಿ ‘ನೀನು ನನಗೆ ತಾಯಿಯ ಬೆನ್ನಿದ್ದ ಹಾಗೆ’ ಎಂದುಬಿಟ್ಟರು. ಆ ಕಾಲದ ಅರಬರಲ್ಲಿ ಗಂಡ ಹೀಗೆ ಅಂದರೆ ಸಂಸಾರ ಮುಗಿಯಿತು, ಆದರೆ ಹೆಣ್ಣಿಗೆ ಬಿಡುಗಡೆಯೂ ಇಲ್ಲ, ಬೇರೆ ಮದುವೆಯೂ ಇಲ್ಲ. ಖೌಲಾ ಸುಮ್ನೆ ಕೂರಲಿಲ್ಲ. ಪ್ರವಾದಿ(ಸ)ಯವರ ಹತ್ತಿರವೇ ಹೋಗಿ ಬಿಡದೆ ವಾದಿಸಿದರು. ಅವರ ಮಾತನ್ನು ಅಲ್ಲಾಹನು ಕೇಳಿಸಿಕೊಂಡನು ಎಂದೇ ಆ ಅಧ್ಯಾಯ ಶುರುವಾಗುತ್ತದೆ. ಅಲ್ಲಿ ಕೊಟ್ಟ ತೀರ್ಪಿನಂತೆ, ಹಾಗೆ ಅಂದ ಗಂಡ ಹೆಂಡತಿಯನ್ನು ಮುಟ್ಟುವ ಮುಂಚೆ ಒಬ್ಬ ಗುಲಾಮನನ್ನು ಬಿಡಿಸಬೇಕು, ಆಗದಿದ್ದರೆ ಬಿಡದೆ 2 ತಿಂಗಳು ಉಪವಾಸ ಇರಬೇಕು, ಅದೂ ಆಗದಿದ್ದರೆ 60 ಬಡವರಿಗೆ ಊಟ ಹಾಕಬೇಕು. ಮದ್ರಸಾದಲ್ಲಿ ಇದನ್ನು ನಾನು ಎಷ್ಟೋ ಸಲ ಅರಬಿಯಲ್ಲಿ ಓದಿದ್ದೆ, ಅರ್ಥ ಗೊತ್ತಿಲ್ಲದೆ. ದೊಡ್ಡವಳಾಗಿ ಕನ್ನಡ ಅನುವಾದ ಓದಿದ ದಿನ ಅತ್ತುಬಿಟ್ಟೆ.

ಪ್ರವಾದಿಯವರ ಪತ್ನಿ ಆಯಿಶಾರನ್ನೂ ನೋಡಿ. ನಾಯಿ, ಕತ್ತೆ, ಹೆಂಗಸು ಮುಂದೆ ಹಾದುಹೋದರೆ ನಮಾಜು ಕೆಡುತ್ತದೆ ಎಂಬ ಮಾತು ಬಂದಾಗ, ನಮ್ಮನ್ನು ನಾಯಿ ಕತ್ತೆಗೆ ಸಮ ಮಾಡಿದಿರಲ್ಲ ಎಂದು ಅವರು ಕೇಳಿದರು. ನಾನು ಎದುರಿಗೆ ಮಲಗಿರುವಾಗಲೇ ಪ್ರವಾದಿ ನಮಾಜು ಮಾಡುತ್ತಿದ್ದರು ಎಂದರು. ಇದು ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲೇ ಇದೆ. ಹದೀಸ್ ಅಂದರೆ ಪ್ರವಾದಿಯವರ ನಡೆನುಡಿಯ ವರದಿ.

ಮುಂದೆ ಕುರ್‌ಆನಿಗೆ ವ್ಯಾಖ್ಯಾನ ಬರೆದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗಂಡಸರೇ. ಅಮೆರಿಕದ ವಿದ್ವಾಂಸೆ ಆಮಿನಾ ವದೂದ್ 1992ರಲ್ಲಿ ಎತ್ತಿದ ಪ್ರಶ್ನೆ ಇದೇ. ಒಂದೊಂದು ವಚನವನ್ನು ಬಿಡಿಯಾಗಿ ಓದಬೇಡಿ, ಇಡೀ ಕುರ್‌ಆನಿನ ಜೊತೆ ಇಟ್ಟು ಓದಿ ಎಂದರು.

ಜಾಸ್ತಿ ಜಗಳ ಇರುವುದು 4:34ರ ಬಗ್ಗೆ, ಅಂದರೆ 4ನೇ ಅಧ್ಯಾಯದ 34ನೇ ವಚನ. ಹೆಂಡತಿ ಎದುರು ನಿಂತರೆ ಗಂಡ ಏನು ಮಾಡಬೇಕು ಎನ್ನುವ ಮಾತು ಅದರಲ್ಲಿದೆ. ಅಲ್ಲಿನ ‘ದರಬ’ ಎಂಬ ಪದಕ್ಕೆ ಹಳೆಯ ವ್ಯಾಖ್ಯಾನಕಾರರು ಹೊಡೆಯುವುದು ಎಂದೇ ಅರ್ಥ ಹೇಳಿದ್ದಾರೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಅದೇ ಪದಕ್ಕೆ ಕುರ್‌ಆನಿನಲ್ಲೇ ಪ್ರಯಾಣ ಹೊರಡು, ಉಪಮೆ ಕೊಡು ಎಂಬ ಅರ್ಥಗಳೂ ಇವೆ. 2007ರಲ್ಲಿ ಲಾಲೆ ಬಖ್ತಿಯಾರ್ ತಮ್ಮ ಇಂಗ್ಲಿಷ್ ಅನುವಾದದಲ್ಲಿ ‘ದೂರ ಸರಿಯಿರಿ’ ಎಂದು ಬರೆದರು. ನನಗೆ ಪದದ ಅರ್ಥವೊಂದೇ ಸಾಲದು. ಗಂಡ ಹೆಂಡತಿಯ ನಡುವೆ ದೇವರು ಇಟ್ಟದ್ದು ಪ್ರೀತಿ, ಕರುಣೆ ಎನ್ನುವ 30:21ನ್ನು ಪಕ್ಕದಲ್ಲಿಟ್ಟು ಓದುತ್ತೇನೆ. ಪ್ರವಾದಿ ಯಾವ ಹೆಂಗಸಿನ ಮೇಲೂ ಕೈ ಮಾಡಲಿಲ್ಲ ಎಂದು ಹೇಳಿದವರೂ ಆಯಿಶಾ ಅವರೇ, ಅದೇ ಮನೆಯಲ್ಲಿ ಬಾಳಿದವರು.